ಅರ್ಧ ಒಳಲೆ ಪುಡಿ

ರಾಗಿ ಗಂಜಿಗೆ ಆ ಪುಡಿ ಬೆರೆಸುವುದಿಲ್ಲ ಎಂದು ನಾನು ಹೇಳಿದಾಗ ಕೋಚ್ ನಕ್ಕರು. ಕೆಟ್ಟ ನಗುವಲ್ಲ. ಮಿಕ್ಸಿ ಬೇಡ, ಒರಳುಕಲ್ಲೇ ಇರಲಿ ಅಂತ ಹೆಂಗಸರು ಹಟ ಹಿಡಿದಾಗ ಗಂಡಸರು ನಗುತ್ತಾರಲ್ಲ, ಅಂಥದ್ದು.

"ಮೇಡಂ, ಇದೇನು ಇಂಜೆಕ್ಷನ್ನಾ? ಅಮೈನೋ ಆಸಿಡ್. ನೀವು ಹಾಕೋ ಬೇಳೇಲಿ ಇರೋದೇ."

"ಬೇಳೇಲಿ ಇದ್ರೆ ಬೇಳೇನೇ ಇನ್ನೊಂದು ಹಿಡಿ ಹಾಕ್ತೀನಿ ಸರ್."

ನಾನು ಮೆಲ್ಲಗೇ ಹೇಳಿದೆ. ಕಾನ್ವೆಂಟಿನಲ್ಲಿ ಕಲಿತದ್ದು ಅದು. ದನಿ ಏರಿಸಬಾರದು, ಆದರೆ ಹೇಳಿದ ಮಾತಿನಿಂದ ಇಳಿಯಲೂಬಾರದು. ದನಿ ಏರಿಸದವರ ಮಾತನ್ನು ಜನ ಒಪ್ಪಿಗೆ ಎಂದುಕೊಂಡುಬಿಡುತ್ತಾರೆ. ಕೋಚ್ ಕೂಡ ಹಾಗೇ ಅಂದುಕೊಂಡು ಪುಡಿಯ ಡಬ್ಬಿಯನ್ನು ಸಕ್ಕರೆ ಡಬ್ಬಿಯ ಪಕ್ಕಕ್ಕೆ ಇಟ್ಟು ಹೊರಟರು. ನಾನು ಅದನ್ನು ತೆಗೆದು, ಅವರ ಸೀಟಿ, ಹಗ್ಗ, ಕೋನುಗಳಿದ್ದ ಶೆಲ್ಫಿನಲ್ಲಿ ಇಟ್ಟು ಬಂದೆ.

ಕೊಳ್ಳೇಗಾಲದಲ್ಲಿ ಹುಡುಗಿಯರ ಓಟಕ್ಕೆಂದು ಬೇಸಿಗೆ ಕ್ಯಾಂಪ್ ನಡೆಯುತ್ತಿತ್ತು. ಮೈದಾನದ ಬದಿಯ ಬಾಡಿಗೆ ಮನೆಯೊಂದರಲ್ಲಿ ಮಕ್ಕಳ ವಾಸ. ಅಡುಗೆ, ಊಟದ ಉಸ್ತುವಾರಿ ನನ್ನದು. ಕೋಚ್ ಶಾಲೆಯೊಂದರಲ್ಲಿ ವ್ಯಾಯಾಮದ ಮೇಷ್ಟ್ರು. ಅವರ ಸೀಟಿಯ ದಾರ ಎರಡು ಕಡೆ ಹರಿದು ಗಂಟು ಬಿದ್ದಿತ್ತು, ಹೊಸದು ತರಲು ಪುರುಸೊತ್ತಿಲ್ಲದ ಮನುಷ್ಯ. ಬೆಳಕು ಹರಿಯುವ ಮೊದಲೇ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತ ಬಗ್ಗಿರುತ್ತಿದ್ದರು. ಅವರು ಮಕ್ಕಳ ಕೇಡು ಬಯಸಿದವರಲ್ಲ. ಅವರಿಗೆ ಗೆಲ್ಲುವ ಆತುರ, ಅಷ್ಟೇ.

ಆ ಆತುರವೆಲ್ಲ ನಿಂತಿದ್ದು ಶಾಗ್ಯದ ಒಬ್ಬ ಹುಡುಗಿಯ ಮೇಲೆ. ಸೆಕೆಂಡ್ ಪಿಯುಸಿ ಮುಗಿಸಿದ್ದಳು, ಹದಿನೆಂಟು ತುಂಬಿತ್ತು. ಅವಳ ಓಟ ನಾನೂರು ಮೀಟರ್. ಮುಕ್ಕಾಲು ಸುತ್ತಿನವರೆಗೆ ಜಿಂಕೆ. ಕೊನೆಯ ತಿರುವು ಬಂದರೆ ಸಾಕು, ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಯಳಂದೂರಿನ ಮೈದಾನದಲ್ಲಿ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆ ನಡೆಯುವುದಿತ್ತು. ಆಯ್ಕೆಯಾದರೆ ಊಟ, ವಸತಿ, ತರಬೇತಿ, ಡಿಗ್ರಿ ಓದು. ಆಗದಿದ್ದರೆ ಓದೂ ಇಲ್ಲ, ಓಟವೂ ಇಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿದ್ದರು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ನಾನು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕನ್ನಡಕ ಹಾಕಿಕೊಂಡು ಓದಿದೆ. ಅರ್ಥವಾಗದ್ದನ್ನು ನಾನು ಓದಿದ ಕಾನ್ವೆಂಟಿನ ದವಾಖಾನೆ ನೋಡಿಕೊಳ್ಳುತ್ತಿದ್ದ ನರ್ಸ್ ಸಿಸ್ಟರಿಗೆ ಫೋನ್ ಮಾಡಿ ಕೇಳಿದೆ. ಅವರು ನಿವೃತ್ತರಾಗಿದ್ದಾರೆ, ಆದರೆ ಕೇಳಿದ್ದಕ್ಕೆ ಗೊತ್ತಿಲ್ಲದಿದ್ದರೆ ಯಾರನ್ನಾದರೂ ಕೇಳಿಕೊಂಡು ತಿರುಗಿ ಫೋನ್ ಮಾಡುವ ಅಭ್ಯಾಸ ಹೋಗಿಲ್ಲ. ಪುಡಿಯ ಹೆಸರು ಬೀಟಾ-ಅಲನಿನ್. ಬೇಳೆಯಲ್ಲಿ ಇದು ಸಿಗುವುದಿಲ್ಲ, ಅಷ್ಟೋ ಇಷ್ಟೋ ಸಿಗುವುದು ಮಾಂಸ ಮೀನಿನಿಂದ. ಉಸಿರು ಬಿಗಿಹಿಡಿದು ಒಂದು ಸುತ್ತು ಪೂರ್ತಿ ವೇಗದಲ್ಲಿ ಓಡಿದರೆ ಸ್ನಾಯುವಿನೊಳಗೆ ಆಮ್ಲತೆ ಏರಿ ಕಾಲು ಉರಿಯುತ್ತದೆ, ಬಿಗಿಯುತ್ತದೆ. ಈ ಪುಡಿ ದೇಹದಲ್ಲಿ ಇನ್ನೊಂದು ಅಮೈನೋ ಆಮ್ಲದ ಜೊತೆ ಸೇರಿ ಆ ಆಮ್ಲತೆಯನ್ನು ತುಸು ಹೊತ್ತು ತಡೆಯುವ ವಸ್ತುವಾಗುತ್ತದಂತೆ. ಕುಡಿದ ದಿನವೇ ರೆಕ್ಕೆ ಬರುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಊಟದ ಜೊತೆ, ವಾರಗಟ್ಟಲೆ ತೆಗೆದುಕೊಂಡರೆ ಸ್ನಾಯುವಿನಲ್ಲಿ ಕೂಡಿಕೊಳ್ಳುತ್ತದೆ. ಒಂದೇ ಸಲಕ್ಕೆ ಜಾಸ್ತಿಯಾದರೆ ಮುಖ, ಕಿವಿ, ಕೈಬೆರಳುಗಳಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ಆ ಡಬ್ಬಿಯಲ್ಲಿ ಜೊತೆಗೆ ನಯಾಸಿನ್ ಎಂಬ ವಿಟಮಿನ್ ಕೂಡ ಇತ್ತು. ಅದು ಹೆಚ್ಚಾದರೆ ಮುಖ ಕೆಂಪೇರುತ್ತದೆ.

"ಬೆಳೆಯೋ ಮಕ್ಕಳಿಗೆ ಬೇಡವೇ ಬೇಡ," ಅಂದರು ಸಿಸ್ಟರ್. "ದೊಡ್ಡವರು ತಿಳಿದು ತಗೊಂಡರೆ ಅದು ಅವರ ಇಷ್ಟ."

ನಾನು ಕೋಚ್ ಎದುರು ನಿಂತು ನನ್ನ ಷರತ್ತು ಹೇಳಿದೆ. ಎಂಟನೇ ಕ್ಲಾಸಿನ ಮಕ್ಕಳು ಉಣ್ಣುವ ಪಾತ್ರೆಗೆ ಅದು ಬೀಳಕೂಡದು. ಶಾಗ್ಯದ ಹುಡುಗಿಗೆ, ಅವಳು ಬೇಕೆಂದರೆ ಮಾತ್ರ, ಹೊತ್ತಿಗೆ ಕಾಲು ಚಮಚ, ಊಟದ ನಡುವೆ, ನನ್ನ ಕಣ್ಣೆದುರಿಗೆ.

"ನೀವು ಅಡುಗೆಯವರೋ ಡಾಕ್ಟ್ರೋ?" ಅಂದರು.

"ಅಡುಗೆಯವಳು ಸರ್. ಅದಕ್ಕೇ ಹೇಳ್ತಿರೋದು. ತಟ್ಟೆಗೆ ಏನು ಬೀಳುತ್ತೆ ಅನ್ನೋದಕ್ಕೆ ನಾನೇ ಹೊಣೆ."

ಒಪ್ಪಿದರು. ಹುಡುಗಿಯೂ ಬೇಕೆಂದಳು. ವಾರಗಳು ಕಳೆದವು. ಕೊನೆಯ ತಿರುವಿನಲ್ಲಿ ಅವಳ ಭುಜ ಮೊದಲಿನಷ್ಟು ಕುಸಿಯುತ್ತಿರಲಿಲ್ಲ. ಪುಡಿಯಿಂದಲೋ, ದಿನಾ ಬೆಳಗ್ಗೆ ಓಡಿದ್ದರಿಂದಲೋ, ಹೊತ್ತು ಹೊತ್ತಿಗೆ ಮೊಟ್ಟೆ, ಹುರುಳಿಕಾಳು, ಮುದ್ದೆ ಹೊಟ್ಟೆಗೆ ಬಿದ್ದದ್ದರಿಂದಲೋ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಅನುಮಾನ.

ಆಯ್ಕೆಗೆ ಕೆಲವೇ ದಿನ ಇರುವಾಗ ಅವಳ ಚಿಕ್ಕಪ್ಪನ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಹುಡುಗಿ ಊರಿಗೆ ಹೊರಟಳು. ಹೊರಡುವಾಗ ಕೋಚ್ ನನಗೆ ಹೇಳದೆ ಒಂದಿಷ್ಟು ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಅವಳ ಚೀಲಕ್ಕೆ ಹಾಕಿದ್ದರು. "ಒಂದಿನಾನೂ ತಪ್ಪಿಸ್ಬೇಡ" ಅಂದರಂತೆ. ಎಷ್ಟು, ಹೇಗೆ ಎಂದು ಮನೆಯವರಿಗೆ ಹೇಳಿಕಳಿಸಬೇಕು ಎಂದು ಅವರಿಗೆ ತೋಚಲಿಲ್ಲ.

ಎರಡು ದಿನ ಬಿಟ್ಟು ಹುಡುಗಿಯ ತಾಯಿ ಫೋನ್ ಮಾಡಿದಳು. ನಾನು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ, ಕೈ ಒರೆಸಿಕೊಂಡು ಎತ್ತಿದೆ.

"ಮಿಸ್ಸವ್ವ, ಇವ್ಳು ಬರಾಕಾಗಕಿಲ್ಲ ಕಣಿ. ಮೈಮ್ಯಾಲೆ ಅಮ್ಮ ಎದ್ದವ್ಳೆ. ಮೂರ್ ನೀರ್ ಹಾಕಗಂಟ ಒಸ್ಲು ದಾಟಂಗಿಲ್ಲ."

ಅಮ್ಮ ಎಂದರೆ ಸೀತಾಳೆ ಸಿಡುಬು. ನಮ್ಮ ಕಡೆ ಅದನ್ನು ಕಾಯಿಲೆ ಅನ್ನುವುದಿಲ್ಲ. ಮಾರಮ್ಮ ಮನೆಗೆ ಬಂದಿದ್ದಾಳೆ ಅನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟುತ್ತಾರೆ. ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ತಲೆ ಬಾಚುವುದಿಲ್ಲ. ದಿನ ಬಿಟ್ಟು ದಿನ ಬೇವು ಅರಿಶಿನದ ನೀರು ಹಾಕಿ, ಮೂರನೇ ನೀರಾದ ಮೇಲೆ ಗುಡಿಗೆ ಮೊಸರನ್ನ ಕೊಟ್ಟು, ಆಮೇಲೆ ಹೊರಗೆ. ಅಷ್ಟು ಹೊತ್ತಿಗೆ ಯಳಂದೂರಿನ ಆಯ್ಕೆ ಮುಗಿದಿರುತ್ತದೆ.

"ಜ್ವರ ಇದೆಯಾ?"

"ಜರ ಇಲ್ಲ. ಮಕ ಕೆಂಡ್ದಂಗಾಗಿತ್ತು. ಮೈಯೆಲ್ಲಾ ಚುಚ್ತದೆ ಅಂತ ಕುಣುದ್ಲು."

ಚುಚ್ಚುತ್ತದೆ ಎಂಬ ಮಾತು ಕೇಳಿ ನಾನು ಒಲೆ ಆರಿಸಿದೆ.

ಹೋಗಿ ಹೇಳಿದೊಡನೆ ಕೋಚಿಗೂ ಹೊಳೆಯಿತು, ಪೊಟ್ಟಣ ಕಳಿಸಿದ್ದನ್ನು ಆಗ ಬಾಯಿಬಿಟ್ಟರು. ಮುಖ ಬಿಳುಚಿತು. ಆದರೆ ಅವರು ಹೇಳಿದ್ದು ಬೇರೆ. "ಪೌಡರ್ ವಿಷಯ ಎತ್ತಬೇಡಿ ಮೇಡಂ. ಬೆವರುಸಾಲೆ ಅಂತ ಹೇಳಿಬಿಡಿ. ಪೌಡರಿಂದ ಹಿಂಗಾಯ್ತು ಅಂತ ಗೊತ್ತಾದ್ರೆ ನಾಳೆ ಒಬ್ಬ ಹುಡುಗೀನೂ ಇಲ್ಲಿ ಇರಲ್ಲ. ಇವಳ ಬದಲು ಇನ್ನೊಬ್ಬಳನ್ನ ಓಡಿಸೋಣ."

"ಇನ್ನೊಬ್ಬಳು ಓಡಲಿ. ಅವಳ ಬದಲು ಅಲ್ಲ."

"ಅವಳ ಅಜ್ಜಿ ಇದಾಳಲ್ಲ, ಆ ಮುದುಕಿ ಕೇಳೋದಿಲ್ಲ ಮೇಡಂ, ನಂಗೊತ್ತು."

"ಕೇಳದಿದ್ರೆ ನನ್ನ ಕರ್ಮ. ಹೇಳದೆ ಇರೋದು ಯಾರ ಕರ್ಮ ಸರ್?"

ಶೆಲ್ಫಿನಿಂದ ಡಬ್ಬಿ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. "ಅದನ್ನ ಇಟ್ಟು ಹೋಗಿ" ಅಂದರು. ನಾನು ಚೀಲದ ಜಿಪ್ ಎಳೆದೆ.

ಮನೆಗೆ ಬಂದು ಸೀರೆ ಬದಲಿಸುವಾಗ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿದರು. "ಮನೇಲಿ ಹಾಲಿಗೆ ಹೆಪ್ಪು ಹಾಕೋಕೆ ಮರೀತಾಳೆ, ಶಾಗ್ಯಕ್ಕೆ ನ್ಯಾಯ ಹೇಳೋಕೆ ಹೊರಟಳು. ದೇವರ ವಿಷಯ ಕಣೆ, ಕಲ್ಲು ಹೊಡೆದಾರು."

"ಹೊಡೆದ್ರೆ ಫೋನ್ ಮಾಡ್ತೀನಿ. ಹೆಪ್ಪು ನೀವೇ ಹಾಕಿ."

ಹನೂರಿನವರೆಗೆ ಬಸ್ಸು, ಅಲ್ಲಿಂದ ಆಟೋ. ಆಟೋದಲ್ಲಿ ನನ್ನ ಪಕ್ಕ ಕೂತ ಹೆಂಗಸಿನ ಮಡಿಲಲ್ಲಿ ಒಂದು ಕೋಳಿ; ದಾರಿಯುದ್ದಕ್ಕೂ ಅದು ನನ್ನ ಬಳೆಯನ್ನೇ ನೋಡುತ್ತಿತ್ತು. ನಾನು ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅಜ್ಜಿಗೆ ಅಮೈನೋ ಆಮ್ಲ ಅನ್ನಲೇ? ಸತ್ವ ಅನ್ನಲೇ? ಒಂದೂ ಸರಿಹೋಗಲಿಲ್ಲ.

ಮನೆಯ ಬಾಗಿಲಿಗೆ ಬೇವಿನ ಗೊಂಚಲು ಕಟ್ಟಿತ್ತು, ಎಲೆಯ ಅಂಚು ಆಗಲೇ ಒಣಗಿ ಸುರುಳಿಯಾಗಿತ್ತು. ಒಳಗೆ ಕತ್ತಲು. ಚಾಪೆಯ ಮೇಲೆ ಹುಡುಗಿ ಕೂತಿದ್ದಳು. ಕೂದಲು ಕೆದರಿತ್ತು, ಸುತ್ತ ಬೇವಿನ ಎಲೆ. ಜಗಲಿಯ ಮೇಲೆ ಅವಳ ಅಜ್ಜಿ, ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿಕೊಂಡು.

"ಅಲ್ಲೇ ಕೂತ್ಕ ತಾಯಿ. ಒಳಿಕ್ ಬರ್ಬ್ಯಾಡ. ಅಮ್ಮ ಅವ್ಳೆ."

"ಮಿಸ್, ನಂಗೇನೂ ಆಗಿಲ್ಲ," ಒಳಗಿಂದ ಹುಡುಗಿ. "ಅವತ್ತೇ ನಿಂತೋಯ್ತು."

"ಬಾಯ್ ಮುಚ್ಕಂಡ್ ಮನೀಕಳೇ," ಅಂದಳು ಅಜ್ಜಿ, ತಿರುಗಿ ನೋಡದೆ.

ನಾನು ಜಗಲಿಯ ತುದಿಗೆ ಕೂತೆ. "ಗುಳ್ಳೆ ಎದ್ದಿದೆಯಾ ಅಜ್ಜಿ?"

"ಕೆಂಪುಕೆ ಎದ್ದಿತ್ತು. ಬ್ಯಾವ್ನ ಸೊಪ್ಪಲ್ಲಿ ನೀವ್ದೆ, ತಣ್ಗಾದ್ಲು."

"ಈಗ ಮುಖ ತಿಳಿಯಾಗಿದೆಯಲ್ಲ?"

"ಅದೇ ಕಣವ್ವ ಬಯ. ಮೇಲೆದ್ರೆ ಬಂದಂಗೆ ಓಯ್ತಾಳೆ. ಇವ್ಳು ಒಳಿಕ್ಕಿಳ್ದವ್ಳೆ. ಒಳಿಕ್ಕಿಳ್ದೋಳ್ನ ಬಿಸ್ಲಲ್ಲಿ ಓಡ್ಸುದ್ರೆ ಮಗಾ ಉಳ್ದದಾ? ಕೆಳಗ್ಲ ಬೀದೀಲೂ ಒಂದ್ ಕೂಸ್ಗೆ ಎದ್ದದೆ."

ನನ್ನ ಬಳಿಯಿದ್ದ ಒಂದೇ ಸಾಕ್ಷಿ, ಮೈಮೇಲೆ ಒಂದೂ ಗುಳ್ಳೆಯಿಲ್ಲ ಎಂಬುದು, ಅಲ್ಲೇ ಬಿದ್ದುಹೋಯಿತು. ಕಾಣಿಸಿದರೆ ಅಮ್ಮ; ಕಾಣಿಸದಿದ್ದರೆ ಇನ್ನೂ ದೊಡ್ಡ ಅಮ್ಮ. ಡಾಕ್ಟರನ್ನು ಕರೆದುಕೊಂಡು ಬಂದಿದ್ದರೂ ಅಷ್ಟೇ ಆಗುತ್ತಿತ್ತು.

"ಅಜ್ಜಿ, ಕ್ಯಾಂಪಿಂದ ಒಂದು ಪುಡಿ ತಂದಿದ್ದಳಲ್ಲ?"

"ಊಂ, ಸಕ್ತಿ ಔಸ್ದಿ. ನಾನೇ ಕುಡುಸ್ದೆ. ಬೆಳಿಗ್ಗೇಲೆ, ಬರೀ ಒಟ್ಟೇಲಿ. ಔಸ್ದಿ ಬರೀ ಒಟ್ಟೇಲೇ ಇಡ್ಕಳಾದು."

"ಎಷ್ಟು ಕುಡಿಸಿದಿರಿ?"

ಅಜ್ಜಿ ಎದ್ದು ಗೂಡಿನಿಂದ ಒಳಲೆ ತಂದಳು. ಹಸುಗೂಸಿಗೆ ಹಾಲು, ಔಷಧಿ ಕುಡಿಸುವ, ಮುಂದೆ ಮೂತಿ ಇರುವ ಪುಟ್ಟ ಹಿತ್ತಾಳೆ ಬಟ್ಟಲು. ಮೂತಿಯ ಬಳಿ ಸವೆದು ಬೆಳ್ಳಗಾಗಿತ್ತು. ಆ ಮನೆಯಲ್ಲಿ ಹುಟ್ಟಿದ ಎಲ್ಲರ ತುಟಿಗೂ ತಾಗಿದ ಬಟ್ಟಲದು. ಬಜೆ ತೇದು ಹಾಕಿದ್ದೂ ಅದರಲ್ಲೇ, ಹರಳೆಣ್ಣೆ ಕುಡಿಸಿದ್ದೂ ಅದರಲ್ಲೇ. ಬೆರಳಿನಿಂದ ಬಟ್ಟಲ ನಡುಮಟ್ಟ ತೋರಿಸಿದಳು. "ಇಷ್ಟ್ಕಂಟ ಪುಡಿ. ಮೇಲಕ್ಕೆ ನೀರು. ನಮ್ಮನೇಲಿ ಯಾವ್ ಔಸ್ದಿಯಾದ್ರೂ ಅರ್ಧ ಒಳ್ಲೆ."

ಕ್ಯಾಂಪಿನಲ್ಲಿ ದಿನವಿಡೀ ಊಟಗಳಿಗೆ ಹಂಚಿ ಕೊಡುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು, ಒಂದೇ ಗುಟುಕಿಗೆ, ಹಸಿದ ಹೊಟ್ಟೆಗೆ. ಹುಡುಗಿ ಕಾಲು ಚಮಚ ಸಾಕು ಅಂದಳಂತೆ. ಅಜ್ಜಿಯ ಕೈಯಿಂದ ಬಂದದ್ದನ್ನು ಚೆಲ್ಲುವ ರೂಢಿ ಆ ಮನೆಯಲ್ಲಿಲ್ಲ.

ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು: ಅಜ್ಜಿ, ಜಾಸ್ತಿ ಕುಡಿಸಿಬಿಟ್ಟಿರಿ. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಸೊಸೆಯ ಎದುರಿಗೆ, ಬೀದಿಯವರ ಎದುರಿಗೆ, ಮೊಮ್ಮಗಳಿಗೆ ಕೈಯಾರೆ ಕೇಡು ಮಾಡಿದೆ ಎಂದು ಯಾವ ಅಜ್ಜಿ ಒಪ್ಪಿಕೊಳ್ಳುತ್ತಾಳೆ? ಅದಕ್ಕಿಂತ ಮಾರಮ್ಮನೇ ವಾಸಿ. ಅವಳ ಜಾಗದಲ್ಲಿದ್ದರೆ ನಾನೂ ಮಾರಮ್ಮನನ್ನೇ ಹಿಡಿದುಕೊಳ್ಳುತ್ತಿದ್ದೆ.

ಹಿತ್ತಲ ಕಡೆ ಹೋಗಿ ಸಿಸ್ಟರಿಗೆ ಫೋನ್ ಮಾಡಿದೆ. ಜ್ವರ ಕೇಳಿದರು, ಉಸಿರಾಟ, ಗಂಟಲು, ಊತ ಕೇಳಿದರು. ಇಲ್ಲ, ಇಲ್ಲ ಅಂದೆ. "ಹಾಗಾದರೆ ಇಳಿದುಹೋಗಿದೆ. ಇನ್ನು ಭಯವಿಲ್ಲ." ಆಮೇಲೆ ನಾನು ಮಾಡಹೊರಟಿದ್ದನ್ನು ಹೇಳಿದೆ.

"ಬಿ.ಪಿ. ಇದೆಯಾ ನಿನಗೆ?"

"ಇಲ್ಲ ಸಿಸ್ಟರ್."

"ಹಾರ್ಟು? ಅಲರ್ಜಿ? ಯಾವುದಾದರೂ ಮಾತ್ರೆ?"

"ಯಾವುದೂ ಇಲ್ಲ."

"ಶಾಲೇಲೂ ಹೀಗೇ ಇದ್ದೆ ನೀನು. ತಲೆ ಬಗ್ಗಿಸಿ ಯೆಸ್ ಸಿಸ್ಟರ್ ಅನ್ನೋದು, ನಿನಗೆ ಬೇಕಾದ್ದನ್ನೇ ಮಾಡೋದು. ಅವಳು ಕುಡಿದಿದ್ದಕ್ಕಿಂತ ಒಂದು ಚೂರೂ ಹೆಚ್ಚು ಬೇಡ. ಫೋನ್ ಕೈಯಲ್ಲೇ ಇಟ್ಟುಕೋ."

ಜಗಲಿಗೆ ಬಂದು ಚೀಲದಿಂದ ಡಬ್ಬಿ ತೆಗೆದು ಅಜ್ಜಿಯ ಮುಂದಿಟ್ಟೆ. "ಅಜ್ಜಿ, ಅವಳಿಗೆ ಕೊಟ್ಟ ಔಷಧಿ ಇದೇ. ನಾನೂ ಬೆಳಗ್ಗೆಯಿಂದ ಏನೂ ತಿಂದಿಲ್ಲ. ಅವಳಿಗೆ ಹಾಕಿದ ಹಾಗೇ, ಅಷ್ಟೇ, ನಿಮ್ಮ ಕೈಯಲ್ಲೇ ನನಗೂ ಹಾಕಿ ಕೊಡಿ."

"ನಿಂಗ್ಯಾಕವ್ವ? ನೀನೇನ್ ಓಡಿಯಾ?"

"ಓಡಲ್ಲ. ಇಲ್ಲೇ ಕೂತಿರ್ತೀನಿ. ನೀವು ನನ್ನ ಮುಖ ನೋಡ್ತಿರಿ."

ಅಜ್ಜಿ ನನ್ನನ್ನೇ ದಿಟ್ಟಿಸಿದಳು. ನಾನು ಏನು ಹೇಳದೆ ಬಿಟ್ಟೆನೋ ಅದು ಅವಳಿಗೆ ಅರ್ಥವಾಯಿತೆಂದು ನನಗೆ ಆಗಲೇ ಅನಿಸಿತು. ಆದರೂ ಒಳಲೆಯನ್ನು ಸೆರಗಿನಲ್ಲಿ ಒರೆಸಿ, ನಡುಮಟ್ಟದವರೆಗೆ ಪುಡಿ ತುಂಬಿ, ಬೆರಳಿನಿಂದ ಮಟ್ಟ ಮಾಡಿ, ನೀರು ಹಾಕಿ ಕದಡಿ ಕೊಟ್ಟಳು. ಹುಳಿಯೂ ಅಲ್ಲದ ಕಹಿಯೂ ಅಲ್ಲದ ಸೀಮೆಸುಣ್ಣದ ರುಚಿ. ಎತ್ತಿ ಕುಡಿದೆ.

ಕಾಯುವುದೇ ಕಷ್ಟ. ಬೀದಿಯ ಜನ ಒಬ್ಬೊಬ್ಬರೇ ಬಂದು ನಿಂತರು. "ಏನ್ ಮೇಡಮ್ಮಾರೆ, ಇಸಾ ಕುಡುದ್ರಾ?" ಅಂದನೊಬ್ಬ. "ಕೊಳ್ಳೇಗಾಲ್ದೋರ್ಗೆ ಕುಡ್ಯಾಕೆ ಬ್ಯಾರೆ ಇರ್ನಿಲ್ವಾ?" ಎಂದು ಇನ್ನೊಬ್ಬ. ನಾನು ನಕ್ಕೆ. ಏನೂ ಆಗದಿದ್ದರೆ? ಆ ಭಯವೇ ಜಾಸ್ತಿಯಿತ್ತು.

ಮೊದಲು ಕಿವಿಯ ಹಿಂದೆ. ಕೆಂಜಿಗ ಇರುವೆಯೊಂದು ದಾರಿ ತಪ್ಪಿ ಬಂದ ಹಾಗೆ. ಮುಟ್ಟಿ ನೋಡಿದೆ, ಏನೂ ಇಲ್ಲ. ಆಮೇಲೆ ಅದರ ಬಳಗವೆಲ್ಲ ಬಂತು: ಕೆನ್ನೆ, ಕುತ್ತಿಗೆ, ಬೈತಲೆ, ಕೈಯ ಹಿಂಭಾಗ. ತುರುಚೆ ಸೊಪ್ಪು ಸವರಿದ ಹಾಗೆ. ಮುಖ ಬಿಸಿಯಾಯಿತು, ಮುಂದೆ ನಿಂತವರು ಹಿಂದೆ ಸರಿದದ್ದು ನೋಡಿ ನನ್ನ ಬಣ್ಣ ಏನಾಗಿರಬಹುದೆಂದು ತಿಳಿಯಿತು.

"ಅಯ್ಯಯ್ಯೋ, ಮೇಡಮ್ಮಾರ್ಗೂ ಬಂದ್ಬುಟ್ಲು ಅಮ್ಮ!"

"ಇನ್ ಮೂರ್ ನೀರ್ ಆಗಗಂಟ ಮೇಡಮ್ಮಾರೂ ಇಲ್ಲೇಯ. ಒಗ್ಗರ್ಣೆ ಇಲ್ದಿರಾ ಸಾರು ಉಣ್ಲಿ."

ಎಲ್ಲರೂ ಗೊಳ್ಳೆಂದರು, ಆದರೆ ಯಾರೂ ಹತ್ತಿರ ಬರಲಿಲ್ಲ. ನನಗೆ ನಗು ಬರಲಿಲ್ಲ. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಒಬ್ಬಳನ್ನು ಬಿಡಿಸಲು ಬಂದು ಇಬ್ಬರು ಸಿಕ್ಕಿಬಿದ್ದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು. "ಆಗಲಿ, ಇರ್ತೀನಿ," ಅಂದೆ. "ನನ್ನ ಇಟ್ಕೊಂಡು ಅವಳನ್ನ ಬಿಡಿ."

ಆಗ ಅಜ್ಜಿ ಎದ್ದು ಬಂದಳು. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಕೆನ್ನೆ ಸವರಿದಳು, ಕಿವಿ ಮಡಚಿ ನೋಡಿದಳು. ಹುಬ್ಬಿನ ಮೇಲೆ ಅವಳ ಹೆಬ್ಬೆರಳು ನಿಂತಿತು.

"ಇದೇನವ್ವ ಕುಳಿ?"

"ಚಿಕ್ಕವಳಿದ್ದಾಗ ಅಮ್ಮ ಎದ್ದಿತ್ತು ಅಜ್ಜಿ. ಬೋರ್ಡಿಂಗಿನಲ್ಲಿ. ಕೆರೆದುಕೊಂಡುಬಿಟ್ಟಿದ್ದೆ."

"ದಿಟ್ವಾಗ್ಲೂ?"

"ಸತ್ಯವಾಗಿ."

ಅಜ್ಜಿ ಬೀದಿಯವರ ಕಡೆ ತಿರುಗಿದಳು. "ಕೇಳುದ್ರಾ? ಇವ್ಳ್ ಮೈಗೆ ಅಮ್ಮ ಆಗ್ಲೇ ಬಂದೋಗವ್ಳೆ. ಒಂದ್ಸಲ ಬಂದೋದ್ ಮೈಗೆ ಇನ್ನೊಂದ್ಸಲ ಬರಾಕಿಲ್ಲ ಅವ್ಳು. ನಮ್ಮವ್ವ ಏಳಿದ್ಲು, ಅವ್ರವ್ವ ಏಳಿದ್ಲು. ಇದು ಅಮ್ಮ ಅಲ್ಲ. ಇದು ಪುಡಿ."

ನಾನು ತಂದ ವಿಜ್ಞಾನವೆಲ್ಲ ಮಾಡದ್ದನ್ನು ಅವಳ ಶಾಸ್ತ್ರವೇ ಮಾಡಿತು. ಅಷ್ಟು ಹೇಳಿದವಳು ಜಗಲಿಯ ಮೇಲೆ ಕುಸಿದು, ಒಳಲೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತಳು.

"ಅಂಗಾರೆ ನಾನೇ..."

"ಇಲ್ಲ ಅಜ್ಜಿ," ನಾನು ಮಾತು ಮುಗಿಸಲು ಬಿಡಲಿಲ್ಲ. "ನಿಮಗೆ ಅಳತೆ ಹೇಳಿದವರು ಯಾರಿದ್ದಾರೆ? ಪುಡಿ ಕೊಟ್ಟೋರು ಅಳತೆ ಕೊಡಲಿಲ್ಲ. ತಪ್ಪು ಅವರದು." ದನಿ ಏರಿತ್ತು. ಸಿಸ್ಟರ್ ಕೇಳಿದ್ದರೆ ಬೈಯುತ್ತಿದ್ದರು.

ಆದರೆ ಕಟ್ಟಿದ ಬೇವನ್ನು ಸುಮ್ಮನೆ ಬಿಚ್ಚುವಂತಿಲ್ಲ. ಅಮ್ಮ ಬಂದಿಲ್ಲದಿದ್ದರೂ ಅವಳ ಹೆಸರು ಹೇಳಿ ಕಟ್ಟಿದ್ದಾಯಿತಲ್ಲ. ಒಂದು ನೀರು ಹಾಕಿದರು, ಗುಡಿಗೆ ಮೊಸರನ್ನ ಕಳಿಸಿದರು. ನನ್ನ ಚುಚ್ಚು ಅಷ್ಟರಲ್ಲಿ ಇಳಿದಿತ್ತು. ಹುಡುಗಿಯ ತಾಯಿ ಒದ್ದೆ ಕೂದಲನ್ನು ಬಾಚಿ, ಎಷ್ಟು ಬಿಗಿಯಾಗಿ ಹೆಣೆದಳೆಂದರೆ ಹುಡುಗಿಯ ಹುಬ್ಬು ಮೇಲೇರಿತು. ಮರುದಿನವೇ ಆಯ್ಕೆ. ಬೆಳಗಿನ ಮೊದಲ ಬಸ್ಸಿಗೆ ನಾವು ಹೊರಟಾಗ ಅಜ್ಜಿಯೂ ಹತ್ತಿದಳು. "ಆ ಮೇಷ್ಟ್ರ್ನ ಒಂದ್ಸಲ ನೋಡ್ಬೇಕು ನಾನು" ಎಂದಷ್ಟೇ ಅಂದಳು.

ಯಳಂದೂರಿನ ಮೈದಾನದಲ್ಲಿ ಕೋಚ್ ನಮ್ಮನ್ನು ಕಂಡು ಓಡಿ ಬಂದರು. ಅವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಹುಡುಗಿಯ ಹೆಸರನ್ನು ಅವರು ಪಟ್ಟಿಯಿಂದ ತೆಗೆಸಿರಲಿಲ್ಲ. ಅದನ್ನೂ ಇಲ್ಲಿ ಬರೆಯಲೇಬೇಕು. ಆದರೆ ಎರಡನೇ ಮಾತೇ, "ಡಬ್ಬಿ ಎಲ್ಲಿ? ಎರಡು ದಿನ ಬರೀ ಮೊಸರನ್ನ ತಿಂದು ಮಲಗಿದ್ದಾಳೆ. ಸ್ವಲ್ಪವಾದ್ರೂ ಕುಡೀಲಿ."

"ಈಗ ಕುಡಿದರೆ ಈಗ ಏನೂ ಬರಲ್ಲ ಸರ್. ಚುಚ್ಚೋದೊಂದು ಬರುತ್ತೆ."

"ಮನಸ್ಸಿಗಾದ್ರೂ ಧೈರ್ಯ ಬೇಡ್ವಾ ಮೇಡಂ?"

ನಾನು ಹುಡುಗಿಯನ್ನು ನೋಡಿದೆ. ನಿರ್ಧಾರ ಅವಳದು. ಅವಳು ಬೂಟಿನ ಲೇಸು ಬಿಗಿಯುತ್ತ, ತಲೆ ಎತ್ತದೆ, "ಬ್ಯಾಡ ಸಾ" ಅಂದಳು. ನಾನು ಕೊಟ್ಟ ಬಾಳೆಹಣ್ಣನ್ನು ಅರ್ಧ ತಿಂದು, ಉಳಿದರ್ಧ ಅಜ್ಜಿಯ ಕೈಗಿಟ್ಟು ಗೆರೆಯ ಕಡೆ ಹೋದಳು.

ಓಟ ಶುರುವಾಯಿತು. ಮೊದಲ ತಿರುವಿನಲ್ಲಿ ಅವಳು ಹಿಂದಿದ್ದಳು. ಎದುರು ಬದಿಯಲ್ಲಿ ಇಬ್ಬರನ್ನು ದಾಟಿದಳು. ಕೊನೆಯ ತಿರುವು ಬಂತು. ನಾನು ಸೆರಗು ಕಚ್ಚಿಕೊಂಡೆ. ಭುಜ ಕುಸಿಯಿತು. ಕುಸಿದದ್ದು ನನಗೆ ಚೆನ್ನಾಗಿ ಕಂಡಿತು. ಆದರೆ ಕಾಲು ನಿಲ್ಲಲಿಲ್ಲ. ಬಾಯಿ ಕಿವುಚಿಕೊಂಡು, ತಲೆ ಒಂದು ಕಡೆ ವಾಲಿಸಿಕೊಂಡು, ಚಂದವೆನ್ನುವುದು ಯಾವುದೂ ಇಲ್ಲದೆ ಓಡಿ ಎರಡನೆಯವಳಾಗಿ ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದಳು. ಇನ್ನೂ ಬೇರೆ ಗುಂಪುಗಳು ಓಡಬೇಕಿತ್ತು. ಎಲ್ಲರ ಸಮಯ ನೋಡಿ ಹೆಸರು ಕೂಗುತ್ತೇವೆ ಎಂದರು.

ಆ ಕಾಯುವ ಹೊತ್ತಿನಲ್ಲೇ ಮಾತು ಬಂದದ್ದು. ಯಾರೋ ತಂದೆಯೊಬ್ಬರು ಕೋಚನ್ನು ಕೇಳಿದರು, ನಿಮ್ಮ ಹುಡುಗಿ ಕೊನೆಯಲ್ಲಿ ಹೇಗೆ ಹಿಡಿದಳು ಸಾ ಅಂತ. ಕೋಚ್ ಮುಖ ಅರಳಿತು. "ನಮ್ಮಲ್ಲಿ ಸಪ್ಲಿಮೆಂಟ್ ಕೊಡ್ತೀವಿ. ಅಮೈನೋ ಆಸಿಡ್. ಅದರ ರಿಸಲ್ಟ್ ಇದು." ಸುತ್ತ ಇನ್ನಷ್ಟು ತಂದೆತಾಯಂದಿರು ಸೇರಿದರು. ಎಲ್ಲಿ ಸಿಗುತ್ತೆ, ಏಳನೇ ಕ್ಲಾಸಿನವಳಿಗೆ ಕೊಡಬಹುದಾ ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಆ ಗುಂಪಿನ ನಡುವೆ ಹೋಗಿ ನಿಂತಿದ್ದಳು, ಕೈಯಲ್ಲಿ ಇನ್ನೂ ಅರ್ಧ ಬಾಳೆಹಣ್ಣು.

"ಸಾ, ನೀವ್ ಕುಡ್ದಿದ್ದೀರಾ ಅದ್ನ?"

"ನಾನ್ಯಾಕೆ ಕುಡೀಲಿ ಅಜ್ಜಿ? ನಾನು ಓಡಲ್ವಲ್ಲ."

"ಈ ಮಿಸ್ಸವ್ವಾನೂ ಓಡಾಕಿಲ್ಲ. ಕುಡುದ್ಲು. ನಾನ್ ಓದ್ದೋಳಲ್ಲ, ಗೊತ್ತಿಲ್ದೆ ಕೊಟ್ಟೆ. ನೀವ್ ಗೊತ್ತಿರೋರು. ಬಾಯ್ಗ್ ಇಟ್ ನೋಡ್ದಲೆ ಮಕ್ಳಿಗ್ಯಾಕ್ ಕೊಟ್ರಿ?"

ಕೋಚ್ ನನ್ನ ಕಡೆ ನೋಡಿದರು, ಕಾಪಾಡಿ ಎಂಬಂತೆ. ನಾನು ಚೀಲದ ಜಿಪ್ ತೆರೆದು ಡಬ್ಬಿ ಹೊರತೆಗೆದೆ.

"ಬಿ.ಪಿ. ಇದೆಯಾ ಸರ್? ಬೇರೆ ಏನಾದ್ರೂ ತೊಂದರೆ?"

"ಇಲ್ಲ," ಅಂದರು. ಆಮೇಲೆ, ಈ ಒಂದು ಮಾತಿಗೆ ನಾನು ಅವರನ್ನು ಈಗಲೂ ಗೌರವಿಸುತ್ತೇನೆ, "ಅವಳು ಎಷ್ಟು ಕುಡಿದಳೋ ಅಷ್ಟೇ ಹಾಕಿ" ಅಂದರು.

ಲೋಟದಲ್ಲಿ ಅಂದಾಜು ಮಾಡಿ ಹಾಕಿದೆ. ಕುಡಿದು, ತುಟಿ ಒರೆಸಿಕೊಂಡು ನಿಂತರು. ಟ್ರ್ಯಾಕಿನ ಮೇಲೆ ಓಡುತ್ತಿದ್ದವರನ್ನು ಬಿಟ್ಟು ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಮೊದಲು ಅವರ ಕೈ ಕಿವಿಯ ಹಿಂದೆ ಹೋಯಿತು. ಆಮೇಲೆ ಕುತ್ತಿಗೆಗೆ. ಕಪ್ಪು ಮುಖ ಮೆಲ್ಲಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ಅದೇ ಹೊತ್ತಿಗೆ ಮೈಕಿನಲ್ಲಿ ಹೆಸರು ಕೂಗಿದರು. ಶಾಗ್ಯದ ಹುಡುಗಿಯ ಹೆಸರೂ ಬಂತು. ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಕೋಚ್ ಅರ್ಧದಲ್ಲೇ ಕೆನ್ನೆಗೆ ಒಯ್ದು ಕೆರೆದುಕೊಂಡರು.

"ಬ್ಯಾವ್ನ ಸೊಪ್ ತರ್ಲಾ ಸಾ?" ಅಂದಳು ಅಜ್ಜಿ.

"ಬೇಡ ಅಜ್ಜಿ, ತಡ್ಕೋತೀನಿ," ಎಂದು ಅವರು ಸುತ್ತ ನಿಂತವರ ಕಡೆ ತಿರುಗಿ, ಕೆರೆದುಕೊಳ್ಳುತ್ತಲೇ, ಇದು ಏನು, ಯಾರಿಗೆ ಕೊಡಬಾರದು, ದೊಡ್ಡವರಾದರೆ ಎಷ್ಟು, ಯಾವಾಗ ಎಂದು ಕನ್ನಡದಲ್ಲಿ ಹೇಳತೊಡಗಿದರು. ಅಳತೆ ತಪ್ಪಿದಲ್ಲಿ ನಾನು ತಿದ್ದಿದೆ. ಮೆಲ್ಲಗೇ ತಿದ್ದಿದೆ, ಆದರೆ ಒಂದನ್ನೂ ಬಿಡಲಿಲ್ಲ.

ಹುಡುಗಿ ಇದೊಂದನ್ನೂ ನೋಡಲಿಲ್ಲ. ಅವಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ, ಸಹಿ ಹಾಕಿಸಿಕೊಳ್ಳುವವರ ಮೇಜಿನ ಕಡೆ ಓಡುತ್ತಿದ್ದಳು.